ಕಟ್ಟಿದ ದೋಣಿಯಲ್ಲಿ ಒಂದು ಊಟ

ಖಡಕವಾಸಲಾದ ನೀರಿನ ದಂಡೆಯಲ್ಲಿ ದೋಣಿ ಹತ್ತಲು ಕಟ್ಟಿದ್ದ ಆ ಮರದ ಧಕ್ಕೆ ಎಷ್ಟು ಉದ್ದವಿತ್ತು ಎಂದು ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳುತ್ತೇನೆ. ಬೇಕಂತಲೇ ಅಲ್ಲ. ಮೊದಲ ಸಲ ಗೆಳೆಯರಿಗೆ ಹೇಳುವಾಗ ಅದು ಐವತ್ತು ಹೆಜ್ಜೆ ಇತ್ತು. ಎರಡು ವರ್ಷದ ಮೇಲೆ ಅದನ್ನೇ ಒಂದು ಕತೆಯಲ್ಲಿ ತುರುಕಲು ಹೋದಾಗ ನೂರು ಹೆಜ್ಜೆಯಾಯಿತು, ತುದಿಯಲ್ಲಿ ಒಂದು ಕಂದೀಲೂ ಬಂದು ಕೂತಿತು. ಹೆಂಡತಿ ಸುಮಿತ್ರಾ ಆ ಕತೆ ಓದಿ, "ಹನ್ನೆರಡು ಹಲಗಿ ಇದ್ದೂರಿ. ಆ ಕಂದೀಲ ಯಾವಾಗ ಹಚ್ಚಿ ಬಂದ್ರಿ?" ಎಂದಳು. ಕತೆ ಅಲ್ಲಿಗೇ ನಿಂತಿತು.

ಹನ್ನೆರಡು ಹಲಗೆ ಎಂಬುದೇ ನಿಜವಿರಬೇಕು. ಡಾಂಬರಿನ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಬಡಿದು, ಒಂದು ಮಗ್ಗುಲಿಗೆ ಮಾತ್ರ ಬಿದಿರು ಕಟ್ಟಿದ್ದರು. ಇನ್ನೊಂದು ಮಗ್ಗುಲಿಗೆ ದೇವರೇ ಗತಿ. ಕನ್ನಡ ಕರಾವಳಿಯವರು ಧಕ್ಕೆ ಅನ್ನುವುದನ್ನು ಅಲ್ಲಿ ದೋಣಿ ನಡೆಸುತ್ತಿದ್ದ ಧೋಂಡಿಬಾ ಧಕ್ಕಾ ಅನ್ನುತ್ತಿದ್ದ. ಆಮೇಲೆ ನಾನು ಮುಂಬಯಿಯಲ್ಲಿ ಹಡಗು ನಿಲ್ಲುವ ದೊಡ್ಡ ಧಕ್ಕೆಗಳನ್ನೂ ನೋಡಿದೆ. ಅಲ್ಲಿ ಕಲ್ಲು, ಕಬ್ಬಿಣ, ಲಾರಿಗಳ ಸಾಲು. ಎಷ್ಟು ದೂರ ನಡೆದರೂ ನೆಲವೇ ಮುಂದುವರಿದ ಹಾಗೆ. ಇಲ್ಲಿ ಮೂರನೆಯ ಹಲಗೆಗೇ ನೆಲ ಮುಗಿದದ್ದು ಅಂಗಾಲಿಗೆ ತಿಳಿಯುತ್ತಿತ್ತು. ನೆಲವೂ ಮುಗಿಯುತ್ತದೆ ಎಂಬುದು ಧಾರವಾಡದ ಕಡೆಯ ಒಳನಾಡಿನ ಕಾಲಿಗೆ ಸಣ್ಣ ಸಂಗತಿಯಲ್ಲ. ನಮಗೆ ಗೊತ್ತಿದ್ದ ನೀರು ಬಾವಿಯಲ್ಲಿ ಕೆಳಗಿರುತ್ತಿತ್ತು, ಹಂಡೆಯಲ್ಲಿ ಒಳಗಿರುತ್ತಿತ್ತು. ಊರಿಗೊಂದು ಕೆರೆ ಇತ್ತು, ನಿಜ. ಆದರೆ ಆಚೆ ದಂಡೆಯಲ್ಲಿ ಎಮ್ಮೆ ತೊಳೆಯುವವನನ್ನು ಹೆಸರು ಹಿಡಿದು ಕೂಗಬಹುದಾದಷ್ಟೇ ಕೆರೆ. ಗುಡ್ಡಗಳ ಬುಡದವರೆಗೆ, ಯಾರನ್ನೂ ಕೇಳದೆ, ಸುಮ್ಮನೆ ಮಲಗಿಕೊಂಡ ನೀರನ್ನು ಹೇಗೆ ನೋಡಬೇಕೆಂಬುದೇ ನಮಗೆ ತಿಳಿದಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಪಿಂಪ್ರಿಯ ಒಂದು ಕಾರಖಾನೆಯಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದೆ. ಚಾಳಿನ ಎರಡು ಖೋಲಿಗಳಲ್ಲಿ ಅವ್ವ, ಸುಮಿತ್ರಾ, ನಾನು. ಪುಣೆಯ ಜನ ಭಾನುವಾರ ಬಂದರೆ ಖಡಕವಾಸಲಾಕ್ಕೆ ಹೋಗುತ್ತಿದ್ದರು. ಅಣೆಕಟ್ಟಿನ ಹಿಂದಿನ ನೀರು, ನೀರಿನ ಅಂಚಿಗೆ ರಸ್ತೆ, ರಸ್ತೆಯ ಅಂಚಿಗೆ ಅಂಗಡಿಗಳು. ಭೇಳದ ಗಾಡಿ, ಕಾಂದಾಭಜಿ ಕರಿಯುವ ಬಾಣಲೆ, ಕೆಂಡದ ಮೇಲೆ ಗೋವಿನಜೋಳದ ತೆನೆ ಸುಡುತ್ತ ಬೀಸಣಿಗೆ ಬೀಸುವ ಹೆಂಗಸು, ಗೆಜ್ಜೆ ಕಟ್ಟಿದ ಕಬ್ಬಿನ ಗಾಣ, ಕೈಯಿಂದ ತಿರುಗಿಸುವ ನಾಲ್ಕು ತೊಟ್ಟಿಲಿನ ಚಕ್ರ, ಬಡಕಲು ಕುದುರೆ, ಬಳೆಗಾರ. ಇದೆಲ್ಲವೂ ಒಂದೇ ಭಾನುವಾರ ಅಲ್ಲಿತ್ತು ಎಂದು ನಾನು ಆಣೆ ಮಾಡಲಾರೆ. ಹತ್ತು ಭಾನುವಾರಗಳನ್ನು ನೆನಪು ಒಂದೇ ಬಾಣಲೆಗೆ ಹಾಕಿ ಕರಿದಿರಬಹುದು. ಕುದುರೆಯ ವಿಷಯದಲ್ಲಂತೂ ನನಗೆ ಬಲವಾದ ಅನುಮಾನವಿದೆ. ಆದರೆ ಬಳೆಗಾರನಿದ್ದ. ಅವನಿಲ್ಲದೆ ಮುಂದಿನದು ನಡೆಯುವುದಿಲ್ಲ.

ಬಸುರಿಗೆ ಏಳನೆಯ ತಿಂಗಳಲ್ಲಿ ನಮ್ಮ ಕಡೆ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಬಾಯಿ ಬಯಸಿದ ಊಟ. ಪುಣೆಯವರು ಇದನ್ನೇ ಡೋಹಾಳ ಜೇವಣ ಅನ್ನುತ್ತಾರೆ, ಬಯಕೆಯ ಊಟ. ಆದರೆ ಅವರದೊಂದು ಹೆಚ್ಚಿನ ಸಡಗರವಿದೆ. ಬಸುರಿಯನ್ನು ದೋಣಿಯಲ್ಲಿ ಕೂಡಿಸಿ ಉಣ್ಣಿಸುತ್ತಾರೆ. ದೋಣಿ ಅಂದರೆ ರಟ್ಟಿನದು, ಬಣ್ಣದ ಕಾಗದ ಅಂಟಿಸಿದ್ದು, ನಡುಮನೆಯಲ್ಲಿ ಸೀರೆಗಳ ತೆರೆ ಹಾಸಿ ಅದರ ಮೇಲೆ ನಿಲ್ಲಿಸಿದ್ದು. ಕೆಲವು ಮನೆಗಳಲ್ಲಿ ಚಂದ್ರನ ಮೇಲೂ ಕೂಡಿಸುತ್ತಾರೆ. ಮನುಷ್ಯರು ಚಂದ್ರನ ಮೇಲೆ ಇಳಿಯುವುದಕ್ಕೆ ಎಷ್ಟೋ ಮೊದಲೇ ಪುಣೆಯ ಪೇಠೆಗಳ ಬಸುರಿಯರು ಅಲ್ಲಿ ಕೂತು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಇಳಿದಿದ್ದರು. ದೋಣಿಯೇ ಏಕೆ ಎಂದು ನಾನು ಬಹಳ ತಲೆ ಕೆಡಿಸಿಕೊಂಡೆ. ಒಂದು ಜೀವ ಇನ್ನೊಂದನ್ನು ಹೊತ್ತು ದಾಟಿಸುತ್ತದಲ್ಲ, ಅದರ ಗುರುತೋ ಏನೋ ಎಂದು ನಮ್ಮ ಪಕ್ಕದ ಖೋಲಿಯ ಹಿರಿಯ ಹೆಂಗಸು ಜೋಗಳೇಕರ ಕಾಕು ಅವರಿಗೆ ಗಂಭೀರವಾಗಿ ಹೇಳಿದೆ. ಕಾಕು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಫೋಟೋ ಛಾನ್ ಯೇತೋ," ಎಂದರು. ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಫೋಟೋ ಚೆನ್ನಾಗಿಯೇ ಬಂದಿತ್ತು. ಅದು ಸುಮಿತ್ರಾಳ ಮೊದಲ ಬಸಿರು. ಕಾಕು ತಮ್ಮ ಅಟ್ಟದಿಂದ ಚಾಳಿಗೆಲ್ಲ ಒಂದೇ ಆಗಿದ್ದ ರಟ್ಟಿನ ದೋಣಿಯನ್ನು ಇಳಿಸಿ, ಹೊಸ ಕಾಗದ ಅಂಟಿಸಿ, ಅವಳನ್ನು ಅದರೊಳಗೆ ಕೂಡಿಸಿದ್ದರು. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ, ಕೈಯಲ್ಲಿ ರಟ್ಟಿನ ಹುಟ್ಟು. ಅದಾದ ಐದನೆಯ ದಿನ ಕೂಸು ಹೊಟ್ಟೆಯಲ್ಲೇ ಹೋಯಿತು. ಫೋಟೋ ತೊಳೆದು ಬಂದದ್ದು ಆಮೇಲೆ. ಸ್ಟುಡಿಯೋದವನಿಗೆ ಏನು ಗೊತ್ತು, ಅಂಚಿಗೆ ಕತ್ತರಿ ಹಾಕಿ ಹೂವಿನ ಆಕಾರ ಮಾಡಿ ಕೊಟ್ಟಿದ್ದ.

ಎರಡು ವರ್ಷ ಕಳೆದು ಮತ್ತೆ ಏಳನೆಯ ತಿಂಗಳು ಬಂದಾಗ ಚಾಳಿನಲ್ಲಿ ಯಾರೂ ದೋಣಿಯ ಮಾತು ತೆಗೆಯಲಿಲ್ಲ. ತೆಗೆದವಳು ಸುಮಿತ್ರಾಳೇ.

"ರಟ್ಟಿನ ದೋಣ್ಯಾಗ ನಾ ಕೂಡೂದಿಲ್ಲ, ಅತ್ಯಾರ."

"ಯಾರ ಕೂಡಂದ್ರು? ಮನ್ಯಾಗ ಮಣಿ ಮ್ಯಾಲ ಕೂಡಿಸಿ ಉಡಿ ತುಂಬತೀನಿ, ಮುಗೀತು," ಎಂದಳು ಅವ್ವ.

"ಮಣೀನೂ ಬ್ಯಾಡ. ಖರೇ ದೋಣ್ಯಾಗ ಕೂಡಬೇಕು. ನೀರಾಗ ನಿಂತದ್ದು. ಈ ಸಲ ಏನಿದ್ರೂ ಖರೇದು ಇರಲಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಬಸುರಿ ಹೊಳೆ ದಾಟಬಾರದು ಎಂಬುದು ಅವಳ ಪಾಲಿಗೆ ಬೆಂಕಿ ಸುಡುತ್ತದೆ ಎಂಬಷ್ಟೇ ಸರಳವಾದ ಮಾತು. ನಾನು ನಡುವೆ ಬಾಯಿ ಹಾಕಿ, ಖಡಕವಾಸಲಾ ಹೊಳೆಯಲ್ಲ, ಕಟ್ಟಿ ನಿಲ್ಲಿಸಿದ ಜಲಾಶಯ ಎಂದು ವಿವರಿಸಿದೆ.

"ಹೊಳಿ ಕಟ್ಟಿಹಾಕಿದ್ರ ಕೆರಿ ಆಗತದೇನು?" ಎಂದಳು ಅವ್ವ. "ಎಮ್ಮಿ ಕಟ್ಟಿಹಾಕಿದ್ರ ಆಕಳ ಆಗತದೇನು?"

ಕಲಿತ ಮಗ ಮೆಲ್ಲಗೆ ಎದ್ದು ಆಚೆಯ ಖೋಲಿಗೆ ಹೋದ.

ಇಲ್ಲಿ ನನ್ನ ಗಡ್ಡದ ವಿಷಯ ಹೇಳಬೇಕು. ಹೆಂಡತಿ ಬಸುರಿಯಾಗಿರುವಾಗ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು, ಸಮುದ್ರ ಮುಟ್ಟಬಾರದು, ಹೆಣಕ್ಕೆ ಹೆಗಲು ಕೊಡಬಾರದು ಎಂದು ಹಳೆಯ ಕಟ್ಟಳೆಗಳಿವೆ. ಮೊದಲ ಸಲ ನಾನು ಇವನ್ನು ನಗೆಯಾಡಿ, ವಾರಕ್ಕೆ ಮೂರು ಸಲ ಮುಖ ಬೋಳಿಸಿಕೊಂಡು ಕಾರಖಾನೆಗೆ ಹೋಗುತ್ತಿದ್ದೆ. ಎರಡನೆಯ ಸಲ ಅವ್ವನೇ ಕೈ ಹಾಕಿದಳು. ನನ್ನ ದಾಡಿಯ ಡಬ್ಬಿಯನ್ನು ಎತ್ತಿ ದೇವರ ಗೂಡಿನ ಹಿಂದೆ ಇಟ್ಟಳು. ನಾನು ಅದನ್ನು ಅಲ್ಲೇ ಬಿಟ್ಟೆ. ಆ ದಿನಗಳಲ್ಲಿ ನಾನು ಆರಂಭವೂ ಇಲ್ಲದ ಅಂತ್ಯವೂ ಇಲ್ಲದ ಕತೆಗಳನ್ನು ಬರೆದು ಸಣ್ಣ ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಎದೆಯವರೆಗೆ ಇಳಿದ ಗಡ್ಡವನ್ನು ನೋಡಿ ಪುಣೆಯ ಕನ್ನಡ ಗೆಳೆಯರು ನಾನು ಈಗ ಪೂರ್ತಿ ನವ್ಯನಾದೆನೆಂದು ಗೌರವದಿಂದ ಮಾತಾಡಿಸಿದರು. ಅದು ನನ್ನ ಅವ್ವನ ಗಡ್ಡ ಎಂದು ಯಾರಿಗೂ ಹೇಳುವ ಧೈರ್ಯ ನನಗಾಗಲಿಲ್ಲ. ಕಟ್ಟಳೆಗಳನ್ನು ನಂಬುತ್ತಿದ್ದೆನೆ ಎಂದರೆ, ಇಲ್ಲ. ಮುರಿಯುತ್ತಿದ್ದೆನೆ ಎಂದರೆ, ಅದೂ ಇಲ್ಲ. ಒಂದು ಸಲ ಸುಟ್ಟುಕೊಂಡವನು ನಂಬಿಕೆಯ ಪ್ರಶ್ನೆಯನ್ನು ಅಷ್ಟು ಬಿಡಿಸಿ ನೋಡುವುದಿಲ್ಲ.

ಅತ್ತೆ ಸೊಸೆ ಮೂರು ದಿನ ಬೇಕಾದಷ್ಟೇ ಮಾತಾಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಚಹಾ ಕುಡಿಯುತ್ತ ತೀರ್ಪು ಕೊಟ್ಟಳು.

"ದೋಣಿ ಕಟ್ಟಿರಬೇಕು. ದಾಟಬಾರದು. ಬರೇ ಕೂತು ಉಂಡು ಇಳೀಬೇಕು. ಮತ್ತ ಹಗ್ಗ ನನ್ನ ಕೈಯಾಗ ಇರಬೇಕು."

"ಆತ್ರಿ, ಅತ್ಯಾರ," ಎಂದಳು ಸುಮಿತ್ರಾ, ಇಷ್ಟು ಬೇಗ ಒಪ್ಪಿದಳೇ ಎಂದು ನನಗೆ ಅನುಮಾನ ಬರುವ ಹಾಗೆ.

ಹೊರಡುವ ಮುಂಚೆ ಜೋಗಳೇಕರ ಕಾಕು ಎರಡು ಮುಚ್ಚಿದ ಬಟ್ಟಲು ತಂದು ಕೊಟ್ಟರು. ಒಂದರಲ್ಲಿ ಪೇಡೆ, ಒಂದರಲ್ಲಿ ಬರ್ಫಿ. ಊಟವಾದ ಮೇಲೆ ಬಸುರಿ ಒಂದನ್ನು ತೆರೆಯಬೇಕು. ಪೇಡೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ಇದೂ ಪುಣೆಯ ಪದ್ಧತಿಯೇ. ಬಟ್ಟಲಿನ ಮುಚ್ಚಳಗಳಿಗೆ ದಾರ ಸುತ್ತಿ, ದಾರಿಯಲ್ಲಿ ನಾನು ಇಣುಕಬಾರದೆಂದು ಕಾಕು ಗಂಟು ಹಾಕಿದ್ದರು.

ಚಳಿಗಾಲದ ಭಾನುವಾರ. ಪುಣೆಯವರೆಗೆ ಲೋಕಲ್ ಟ್ರೇನು, ಅಲ್ಲಿಂದ ರಿಕ್ಷಾ. ರಸ್ತೆ ತಿರುಗಿದಲ್ಲಿ ನೀರು ಒಮ್ಮೆಲೇ ಎದುರಾಯಿತು. ಅವ್ವ ಅದನ್ನು ಮೊದಲ ಸಲ ನೋಡುತ್ತಿದ್ದಳು. ಅವಳು ಕೆಳಗಿಳಿದು, ಭೇಳದ ಗಾಡಿಯ ಪಕ್ಕ ಚಪ್ಪಲಿ ಬಿಟ್ಟಳು. ಗುಡಿಯ ಬಾಗಿಲಲ್ಲಿ ಬಿಡುವ ಹಾಗೆ, ಒಂದರ ಪಕ್ಕ ಒಂದು ಜೋಡಿಸಿ. ಭೇಳದವನು ಅವಳ ಮುಖ ನೋಡಿ ಗಾಡಿಯನ್ನು ಒಂದು ಗೇಣು ಸರಿಸಿದ. ಅವ್ವ ಬರಿಗಾಲಲ್ಲಿ ನೀರಿನ ಅಂಚಿಗೆ ಹೋಗಿ, ಅರಿಷಿಣ ಕುಂಕುಮ ಬಿಟ್ಟು, ಎರಡು ಹಸಿರು ಬಳೆ ಬಿಟ್ಟು, ಬಹಳ ಹೊತ್ತು ಕೈ ಮುಗಿದು ನಿಂತಳು. ಸಿಂಹಗಡದ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಅವಳು ಬಿಟ್ಟ ಕುಂಕುಮ ಅದರ ನೆತ್ತಿಯ ಕಡೆಗೆ ಎಳೆಯಾಗಿ ಹೋಗುತ್ತಿತ್ತು. ಆಮೇಲೆ ಅವಳು ಧೋಂಡಿಬಾನನ್ನು ಕೇಳಿದ ಮೊದಲ ಪ್ರಶ್ನೆ, "ಇಷ್ಟೂ ನೀರು ಯಾರದಪಾ?"

ನಾನು ಮರಾಠಿಗೆ ತಿರುಗಿಸಿದೆ. ಧೋಂಡಿಬಾ ಯೋಚಿಸಿದ. ಆರು ದಿನ ಆಚೆ ದಂಡೆಯ ಹಳ್ಳಿಗಳ ಜನರನ್ನೂ ಹಾಲಿನ ಕ್ಯಾನುಗಳನ್ನೂ ದಾಟಿಸಿ, ಏಳನೆಯ ದಿನ ಪುಣೆಯವರನ್ನು ಸುತ್ತಾಡಿಸುವವನಿಗೂ ಈ ಪ್ರಶ್ನೆ ಯಾರೂ ಹಾಕಿರಲಿಲ್ಲ. "ಪುಣ್ಯಾಚಂ," ಎಂದ ಕೊನೆಗೆ. ಪುಣೆಯದು.

"ಕುಡದು ತೀರಸೂದು ಅವರಿಂದ ಆಗೂದಿಲ್ಲ ತಗೋ," ಎಂದಳು ಅವ್ವ.

ದೋಣಿ ಕಟ್ಟಿಯೇ ಇರಬೇಕು ಎಂದಾಗ ಧೋಂಡಿಬಾ ನಕ್ಕುಬಿಟ್ಟ. "ಬಾಂಧಲೇಲಿ ನಾವ ಚಾಲತ ನಾಹೀ, ಆಜೀ." ಕಟ್ಟಿದ ದೋಣಿ ನಡೆಯುವುದಿಲ್ಲ, ಅಜ್ಜಿ.

"ನಡಿಯೂದು ಬ್ಯಾಡ. ಉಣ್ಣೂದು ಅಷ್ಟ," ಎಂದು ಅವ್ವ ಕನ್ನಡದಲ್ಲೇ ಹೇಳಿದಳು. ಅವನಿಗೆ ತಿಳಿಯಿತು. ಮೂಟೆ ಕಟ್ಟುವ ದಪ್ಪ ಹಗ್ಗದ ಒಂದು ತುದಿಯನ್ನು ದೋಣಿಯ ಮೂತಿಗೆ ಬಿಗಿದು ಇನ್ನೊಂದು ತುದಿಯನ್ನು ಧಕ್ಕೆಯ ಕಂಬಕ್ಕೆ ಸುತ್ತಲು ಹೋದ. ಅವ್ವ ಬೇಡವೆಂದಳು. ಕಂಬ ಅವಳಿಗೆ ಪರಿಚಯದ್ದಲ್ಲ. ಹಲಗೆಯ ಮೇಲೆ ಚಕ್ಕಳಮಕ್ಕಳ ಕೂತು, ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡಳು. ಬಳೆಗಾರ ಬಂದು ಸುಮಿತ್ರಾಳಿಗೆ ಹಸಿರು ಬಳೆ ಇಡಿಸಿದ. ಆಮೇಲೆ ಅವಳೂ ನಾನೂ ದೋಣಿಗೆ ಇಳಿದೆವು, ಹುಟ್ಟಿನ ಬಳಿ ಧೋಂಡಿಬಾ ಕೂತ. ತೆನೆ ಸುಡುವ ಹೆಂಗಸು ಬೀಸಣಿಗೆ ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳಿಗೂ ಕುಂಕುಮ ಸಿಕ್ಕಿತು. ಊಟದ ಅಂಗಡಿಗಳ ಸಾಲಿನ ಮುಂದೆ ಮನೆಯಿಂದ ಬುತ್ತಿ ಕಟ್ಟಿ ತಂದು, ನಡೆಯದ ದೋಣಿಯಲ್ಲಿ ಉಣ್ಣಲು ಕೂತ ನಮ್ಮನ್ನು ಪುಣೆ ಬಹಳ ಮರ್ಯಾದೆಯಿಂದ ನೋಡಿತು. ತೊಟ್ಟಿಲು ತಿರುಗಿಸುವವನು ಕೂಡ ತಿರುಗಿಸುವುದನ್ನು ನಿಲ್ಲಿಸಿದ್ದ. ಮೇಲಿನ ತೊಟ್ಟಿಲಲ್ಲಿ ಸಿಕ್ಕಿಕೊಂಡವರು ಏನು ಅಂದರೋ ನನಗೆ ನೆನಪಿಲ್ಲ.

ಶೇಂಗಾ ಹೋಳಿಗೆ, ಕರ್ಚಿಕಾಯಿ, ಬದನೆಕಾಯಿ ಎಣಗಾಯಿ, ಮೊಸರು ಬುತ್ತಿ. ಸುಮಿತ್ರಾ ಎಲ್ಲವನ್ನೂ ನಿಧಾನವಾಗಿ ಉಂಡಳು, ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಊಟಕ್ಕೆ. ನಾನು ಎರಡು ಬಟ್ಟಲುಗಳನ್ನು ಅವಳ ಮುಂದಿಟ್ಟೆ. ಅವಳು ಅವುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದಾರ ಬಿಚ್ಚದೆ ಎರಡನ್ನೂ ಎತ್ತಿ ಧೋಂಡಿಬಾನ ಕೈಗೆ ಕೊಟ್ಟಳು.

"ಯಾವ್ದರ ಇರಲಿ," ಎಂದಳು. "ಇರಲಿ, ಅಷ್ಟ."

ದೋಣಿ ಅಲ್ಲಾಡುತ್ತಿತ್ತು. ಅಲ್ಲಾಡುತ್ತಿತ್ತು ಎನ್ನುವುದೂ ಸರಿಯಲ್ಲ. ಕೆಳಗೆ ಯಾರೋ ಉಸಿರಾಡುತ್ತಿದ್ದರು, ಆ ಉಸಿರಿಗೆ ನಾವು ಏರಿ ಇಳಿಯುತ್ತಿದ್ದೆವು. ನಾನು ಅಂಚಿನಿಂದ ಬಗ್ಗಿ ಕೆಳಗೆ ನೋಡಿದೆ. ಮೇಲೆ ಬಿಸಿಲು ಚೂರುಚೂರು, ಒಂದು ಮೊಳ ಕೆಳಗೆ ಹಸಿರು, ಅದರ ಕೆಳಗೆ ಹಸಿರೂ ಅಲ್ಲದ ಕಪ್ಪೂ ಅಲ್ಲದ ಏನೋ. ಕಾರಖಾನೆಯಲ್ಲಿ ನಾನು ದಿನವೂ ಗೆರೆ ಎಳೆಯುವವನು. ಯಾವ ವಸ್ತುವಿಗಾದರೂ ಮೂರು ಕಡೆಯಿಂದ ನೋಟ ಬರೆದು ಅಳತೆ ಹಾಕಬಲ್ಲೆ ಎಂಬ ಸೊಕ್ಕು ಇತ್ತು. ಇದಕ್ಕೆ ಎಲ್ಲಿಂದ ಗೆರೆ ಹಚ್ಚುವುದು. ಇದು ಇಷ್ಟು ದೊಡ್ಡದಾಗಿದ್ದೂ ಒಂದು ಕೂಸಿನ ತೊಟ್ಟಿಲಿಗಿಂತ ಮೆಲ್ಲಗೆ ತೂಗುತ್ತಿತ್ತು. ಭಯವಾಯಿತು. ಆ ಭಯದಲ್ಲಿ ಎಲ್ಲಿಯೂ ಕೆಟ್ಟದ್ದಿರಲಿಲ್ಲ. ನನ್ನ ಕತೆಗಳಲ್ಲಿ ಆವರೆಗೆ ಎಷ್ಟೋ ಸಲ ಶೂನ್ಯ ಎಂದು ಬರೆದಿದ್ದೆ. ಆ ದಿನದ ಮೇಲೆ ಆ ಪದವನ್ನು ಬಹಳ ಅಗ್ಗವಾಗಿ ಬಳಸಿದ್ದೆನೆಂದು ನಾಚಿಕೆಯಾಯಿತು.

ತಲೆ ಎತ್ತಿದಾಗ ಧಕ್ಕೆ ದೂರವಿತ್ತು.

ಎಷ್ಟು ದೂರ ಎಂದು ಕೇಳಬೇಡಿ. ಅಂಗಡಿಗಳ ಸಾಲು ಒಂದು ಬಣ್ಣದ ಪಟ್ಟಿಯಾಗಿತ್ತು. ಕಬ್ಬಿನ ಗಾಣದ ಗೆಜ್ಜೆ ಕೇಳುತ್ತಿತ್ತು, ಗಾಣ ಕಾಣುತ್ತಿರಲಿಲ್ಲ. ಧೋಂಡಿಬಾ ಸುಮ್ಮನೆ ಹುಟ್ಟು ಹಾಕುತ್ತಿದ್ದ. ಸುಮಿತ್ರಾ ಕಣ್ಣು ಮುಚ್ಚಿ, ಬೆರಳನ್ನು ನೀರಿಗೆ ಬಿಟ್ಟಿದ್ದಳು. ಹಲಗೆಯ ತುದಿಯಲ್ಲಿ ಒಂದು ಚಿಕ್ಕ ಕೆಂಪು ಚುಕ್ಕೆ, ಅವ್ವನ ಸೀರೆ.

ಇನ್ನು ಹಗ್ಗ. ಹಗ್ಗವನ್ನು ನಾನು ನೋಡಲಿಲ್ಲ. ನೋಡಬೇಕಾಗಿದ್ದವನು ನಾನೊಬ್ಬನೇ, ಮತ್ತು ನಾನು ನೀರು ನೋಡುತ್ತಿದ್ದೆ.

ಅವ್ವನ ಪ್ರಕಾರ ಅವಳು ಕೈ ಬಿಡಲೇ ಇಲ್ಲ. ಹಗ್ಗ ಉದ್ದವಿತ್ತು, ಅಷ್ಟೇ. ಸುಮಿತ್ರಾಳ ಪ್ರಕಾರ ಅವ್ವನೇ ಬಿಟ್ಟಳು. ಬಟ್ಟಲು ಕೊಟ್ಟು "ಇರಲಿ, ಅಷ್ಟ" ಎಂದು ತಾನು ಅಂದದ್ದು ಧಕ್ಕೆಗೆ ಕೇಳಿಸಿತು. ಅವ್ವ ಕೈಯ ಸುತ್ತು ಬಿಚ್ಚಿ, ಹಗ್ಗವನ್ನು ನೀರಿಗೆ ಹಾಕಿ, ಹೋಗು ಎಂಬಂತೆ ಧೋಂಡಿಬಾನಿಗೆ ತಲೆಯಾಡಿಸಿದಳು. ಇದನ್ನು ಸುಮಿತ್ರಾ ಕಣ್ಣಾರೆ ಕಂಡಿದ್ದಾಳೆ. ಅವ್ವನ ಎದುರಿಗೆ ಮಾತ್ರ ಎಂದೂ ಹೇಳಿಲ್ಲ. ನಾನು ಇಬ್ಬರ ನಡುವೆ ಕೂತು ಎಷ್ಟೋ ಸಲ ತನಿಖೆ ನಡೆಸಿದ್ದೇನೆ. ಹಗ್ಗ ಎಷ್ಟು ಮೊಳ ಇತ್ತು, ಗಾಳಿ ಯಾವ ಕಡೆಯದು. ತಿರುಗಿ ದಂಡೆಗೆ ಬಂದಾಗ ಅವ್ವನ ಅಂಗೈಯಲ್ಲಿ ಹಗ್ಗದ ಗೀರು ಇತ್ತು. ಅದನ್ನು ನಾನೇ ನೋಡಿದೆ. ಆದರೆ ಗೀರು ಬಿಗಿಯಾಗಿ ಹಿಡಿದಾಗಲೂ ಮೂಡುತ್ತದೆ, ಹಗ್ಗ ಜಾರಿ ಹೋದಾಗಲೂ ಮೂಡುತ್ತದೆ. ದಾಟಿದೆವೋ ಇಲ್ಲವೋ ಎಂಬುದಕ್ಕೆ ಇನ್ನೊಬ್ಬ ಸಾಕ್ಷಿ ಧೋಂಡಿಬಾ. ಅವನು ಪೇಡೆ ಬರ್ಫಿ ಎರಡನ್ನೂ ತಿಂದು ಬಾಯಿ ಒರೆಸಿಕೊಂಡಿದ್ದ.

ಎರಡು ತಿಂಗಳ ಮೇಲೆ ಮಗಳು ಹುಟ್ಟಿದಳು, ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಅಳುತ್ತ. ಮೇಧಾ ಎಂದು ಹೆಸರಿಟ್ಟೆವು. ಅಂದೇ ನಾನು ಗಡ್ಡ ಬೋಳಿಸಿದೆ. ಗೆಳೆಯರು ನಾನು ಸಂಪ್ರದಾಯಕ್ಕೆ ಶರಣಾದೆನೆಂದು ಬೇಸರಪಟ್ಟರು.

ಮೇಧಾಗೆ ಎಂಟು ವರ್ಷವಾದಾಗ, ಅಂದರೆ ಕಳೆದ ಚಳಿಗಾಲದಲ್ಲಿ, ನಾವೆಲ್ಲ ಮತ್ತೆ ಹೋದೆವು. ಹಗ್ಗದ ಕತೆಯನ್ನು ಅಜ್ಜಿಯಿಂದ ಒಂದು ಬಗೆ, ತಾಯಿಯಿಂದ ಇನ್ನೊಂದು ಬಗೆ ಕೇಳಿ ಬೆಳೆದ ಹುಡುಗಿ ಜಾಗ ನೋಡಲೇಬೇಕೆಂದು ಹಟ ಹಿಡಿದಿದ್ದಳು. ಡ್ರಮ್ಮಿನ ಧಕ್ಕೆ ಹೋಗಿ ಸಿಮೆಂಟಿನದು ಬಂದಿತ್ತು, ಎರಡೂ ಕಡೆ ಕಬ್ಬಿಣದ ಕಂಬಿ. ಅಂಗಡಿಗಳು ಮೂರು ಪಟ್ಟು. ಧೋಂಡಿಬಾ ಈಗ ಆಚೆ ದಂಡೆಯಲ್ಲಿ ಭತ್ತ ಬೆಳೆಯುತ್ತಾನಂತೆ. ನೀರು ಮಾತ್ರ ಅಷ್ಟೇ ಇತ್ತು. ಅವ್ವ ಸರಿಯಾಗಿ ಹೇಳಿದ್ದಳು, ಕುಡಿದು ತೀರಿಸುವುದು ಪುಣೆಯಿಂದ ಆಗಿರಲಿಲ್ಲ.

ಅವ್ವನ ಮೊಣಕಾಲು ಸೋತಿದ್ದವು. ಮೊದಲಿನಂತೆಯೇ ಭೇಳದ ಗಾಡಿಯ ಪಕ್ಕ ಚಪ್ಪಲಿ ಬಿಟ್ಟು, ಧಕ್ಕೆಯ ತುದಿಯ ಮೆಟ್ಟಿಲ ಮೇಲೆ ಕೂತಳು. ನಾವು ಮೂವರೂ ಒಬ್ಬ ಹೊಸ ಅಂಬಿಗನ ದೋಣಿ ಹತ್ತಿದೆವು. ಈ ಸಲ ನಾನು ಗಟ್ಟಿ ಮನಸ್ಸು ಮಾಡಿ ದಂಡೆಯ ಕಡೆಗೆ ಮುಖ ಹಾಕಿ ಕೂತೆ. ಎಂಟು ವರ್ಷ ತಡವಾಗಿಯಾದರೂ ಸಾಕ್ಷಿಯೊಬ್ಬ ತನ್ನ ಕೆಲಸ ಮಾಡಬೇಕಲ್ಲ. ನೀರು ಎರಡು ಸಲ ಕರೆಯಿತು. ತಿರುಗಲಿಲ್ಲ.

ಅಂಬಿಗ ಹಗ್ಗ ಬಿಚ್ಚಿ ದೋಣಿಯೊಳಗೇ ಎಸೆದ. ಅದು ನನ್ನ ಕಾಲ ಬುಡದಲ್ಲಿ ಸುರುಳಿಯಾಗಿ ಬಿತ್ತು. ನಾವು ಸರಿದೆವು. ಅವ್ವ ಮೆಟ್ಟಿಲ ಮೇಲೆ ಕೂತಲ್ಲೇ ಬಲಗೈಯನ್ನು ಮುಂದಕ್ಕೆ ಚಾಚಿ, ಮುಷ್ಟಿ ಹಿಡಿದಳು. ಮಣಿಕಟ್ಟನ್ನು ಎರಡು ಸಲ ತಿರುವಿದಳು, ಏನನ್ನೋ ಸುತ್ತಿಕೊಳ್ಳುವವಳ ಹಾಗೆ.

"ಹೋಗ್ರಿ, ಹೋಗ್ರಿ," ಎಂದು ಕೂಗಿದಳು. "ನಾ ಹಿಡಕೊಂಡೇನಿ."

ನಾನು ಸುಮಿತ್ರಾಳನ್ನು ನೋಡಿದೆ. ಸುಮಿತ್ರಾ ನನ್ನನ್ನು ನೋಡಲಿಲ್ಲ. ಮೇಧಾ ನನ್ನ ಕಾಲ ಬುಡದ ಹಗ್ಗ ನೋಡಿದಳು, ಅಜ್ಜಿಯ ಮುಷ್ಟಿ ನೋಡಿದಳು, ನಡುವಿನ ಖಾಲಿ ನೀರನ್ನೂ ನೋಡಿದಳು. ಆಮೇಲೆ ಅಂಬಿಗನ ಕಡೆ ತಿರುಗಿ, ಚಾಳಿನ ಮರಾಠಿಯಲ್ಲಿ ಇನ್ನೂ ದೂರ ನಡಿ ಎಂದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಕನ್ನಡದಲ್ಲಿ ಸಮಾಧಾನ ಹೇಳಿದಳು.

"ಅಜ್ಜಿ ಹಿಡಕೊಂಡಾಳಲ್ಲಪಾ. ಹೆದರಬ್ಯಾಡ."